ಸರಳ ಯಾವುದು, ಸಂಕೀರ್ಣ ಯಾರಿಗೆ?

ಸರ್ಕಾರದ ಕೆಲಸವೆಂದರೆ ಬಹುಮಟ್ಟಿಗೆ ವರ್ಗೀಕರಣದ ಕೆಲಸ. ತಾನು ಯಾವ ವರ್ಗಕ್ಕೆ ಸೇರಿದ್ದೆಂದು ವಸ್ತು ಚಿಂತಿಸುವುದಿಲ್ಲ; ಅದಕ್ಕೆ ತೆರಿಗೆಯನ್ನೋ ನಿರ್ಬಂಧವನ್ನೋ ವಿಧಿಸಬೇಕಾದ ಅಧಿಕಾರಿ ಚಿಂತಿಸಬೇಕಾಗುತ್ತದೆ. ಪರೋಕ್ಷ ತೆರಿಗೆಯ ಇಲಾಖೆಯಲ್ಲಿ ಸುಮಾರು ಮೂರು ದಶಕಗಳನ್ನು ಕಡತಗಳ ನಡುವೆ ಕಳೆದಿರುವ ನನಗೆ ಇದು ದಿನನಿತ್ಯದ ಅನುಭವ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವು ಪರೋಟ ರೊಟ್ಟಿಯಲ್ಲ, ಆದ್ದರಿಂದ ಅದಕ್ಕೆ ಶೇ. 18ರ ತೆರಿಗೆ ಸಲ್ಲಬೇಕೆಂದಾಗ ಇಡೀ ನಾಡು ನಕ್ಕಿತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ತೆರಿಗೆಯಿಲ್ಲವೆಂದಾದ ಮೇಲೆ ನಗು ಅಡಗಿದೆ. ಚಿಕ್ಕ ಬಾಟಲಿಯಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೆ ಹಚ್ಚುವುದೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2024ರ ಡಿಸೆಂಬರ್‌ನಲ್ಲಿ. ಬಾಟಲಿ ಚಿಕ್ಕದೆಂಬ ಒಂದೇ ಕಾರಣಕ್ಕೆ ಒಳಗಿನ ಎಣ್ಣೆ ಕೇಶತೈಲವಾಗಿಬಿಡುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ನಗುವವರು ನಗಲಿ. ಈ ವ್ಯಾಜ್ಯಗಳ ಹಿಂದೆ ಒಂದು ಗಂಭೀರ ತತ್ತ್ವವಿದೆ: ಹೆಸರನ್ನು ನೋಡಬೇಕೆ, ಹೂರಣವನ್ನು ನೋಡಬೇಕೆ, ಬಳಸುವವನ ಕೈಯಲ್ಲಿ ವಸ್ತು ಏನಾಗುತ್ತದೆಂಬುದನ್ನು ನೋಡಬೇಕೆ?

ಇದೇ ಪ್ರಶ್ನೆ ಈಗ ಮಧ್ಯಮವರ್ಗದ ಉಳಿತಾಯದ ಅಂಗಳಕ್ಕೆ ಬಂದು ನಿಂತಿದೆ. ನಮ್ಮ ಸಂಘದ ಕಾರ್ಯಕ್ರಮಗಳ ಬಳಿಕ ಕಾಫಿಯ ಹೊತ್ತಿನಲ್ಲಿ ಹಿಂದೆ ಕಾದಂಬರಿಗಳ, ಗಡಿವಿವಾದದ ಚರ್ಚೆ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಡಿಮ್ಯಾಟ್ ಖಾತೆಯ ಮಾತು ಅವುಗಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದೆ. ನಿವೃತ್ತರಾದ ಹಿರಿಯ ಸದಸ್ಯರೊಬ್ಬರು ನನ್ನನ್ನು ಕೇಳಿದರು: "ನೋಡಿ ಸಾರ್, ಇಟಿಎಫ್ ಅಂತಾರಲ್ಲ, ಅದು ಸರಳವೋ ಜಟಿಲವೋ? ಒಬ್ಬರು ಫಿಕ್ಸೆಡ್ ಡಿಪಾಸಿಟ್ಟಿನಷ್ಟೇ ಸರಳ ಅಂತಾರೆ, ಇನ್ನೊಬ್ಬರು ನಮ್ಮಂಥವರು ಅದರ ಹತ್ತಿರವೂ ಹೋಗಬಾರದು ಅಂತಾರೆ. ಒಂದೇ ಮಾತಿನಲ್ಲಿ ಹೇಳಿ." ಒಂದೇ ಮಾತಿನಲ್ಲಿ ಹೇಳಲಾಗದ್ದರಿಂದಲೇ ಈ ಲೇಖನ. ಇಲ್ಲಿ ವ್ಯಕ್ತವಾಗುವ ಅಭಿಪ್ರಾಯಗಳು ನನ್ನ ವೈಯಕ್ತಿಕ ನೆಲೆಯವು. ಇಲಾಖೆಗೂ ಇವಕ್ಕೂ ಸಂಬಂಧವಿಲ್ಲ. ಯಾರಿಗೂ ಕೊಳ್ಳಿ ಎಂದಾಗಲಿ ಮಾರಿ ಎಂದಾಗಲಿ ಹೇಳುವುದು ನನ್ನ ಉದ್ದೇಶವಲ್ಲ.

ಮೊದಲು ವಸ್ತುವಿನ ಪರಿಚಯ. ಷೇರುಪೇಟೆಯ ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನು ಅದೇ ಪ್ರಮಾಣದಲ್ಲಿ ಕೊಂಡು ಒಂದು ಬುಟ್ಟಿಯಲ್ಲಿಟ್ಟು, ಆ ಬುಟ್ಟಿಯನ್ನು ಸಣ್ಣ ಸಣ್ಣ ಯೂನಿಟ್ಟುಗಳಾಗಿ ಹಂಚಿ, ಆ ಯೂನಿಟ್ಟುಗಳನ್ನೇ ಷೇರಿನ ಹಾಗೆ ಪೇಟೆಯಲ್ಲಿ ದಿನವಿಡೀ ಕೊಳ್ಳುವ ಮಾರುವ ಏರ್ಪಾಡು ಇಟಿಎಫ್. ಸಾಮಾನ್ಯ ಮ್ಯೂಚುವಲ್ ಫಂಡಿನಲ್ಲಿ ನೀವು ಹಣ ಕೊಟ್ಟು ಫಂಡಿನಿಂದಲೇ ಯೂನಿಟ್ ಪಡೆಯುತ್ತೀರಿ, ದಿನದ ಕೊನೆಗೆ ಲೆಕ್ಕ ಹಾಕಿದ ನಿವ್ವಳ ಮೌಲ್ಯದ ದರದಲ್ಲಿ. ಇಟಿಎಫ್‌ನಲ್ಲಿ ನಿಮಗೆ ಯೂನಿಟ್ ಮಾರುವವನು ನಿಮ್ಮಂತೆಯೇ ಪೇಟೆಗೆ ಬಂದ ಇನ್ನೊಬ್ಬ. ಬೆಲೆ ನಿಮ್ಮಿಬ್ಬರ ನಡುವೆ ಆ ಕ್ಷಣಕ್ಕೆ ಕುದುರಿದ್ದು. ಕೆನಡಾದ ಟೊರಾಂಟೊದಲ್ಲಿ 1990ರಲ್ಲಿ, ಅಮೆರಿಕದಲ್ಲಿ 1993ರಲ್ಲಿ ಆರಂಭವಾದ ಈ ಪದ್ಧತಿ ಭಾರತಕ್ಕೆ ಬಂದದ್ದು 2001ರ ಡಿಸೆಂಬರ್‌ನಲ್ಲಿ, ಬೆಂಚ್‌ಮಾರ್ಕ್ ಮ್ಯೂಚುವಲ್ ಫಂಡಿನ ನಿಫ್ಟಿ ಬೀಸ್ ರೂಪದಲ್ಲಿ. 2007ರಲ್ಲಿ ಚಿನ್ನದ ಇಟಿಎಫ್ ಬಂತು. 2014ರಲ್ಲಿ ಕೇಂದ್ರ ಸರ್ಕಾರವೇ ತನ್ನ ಉದ್ಯಮಗಳ ಷೇರುಗಳನ್ನು ಸಿಪಿಎಸ್‌ಇ ಇಟಿಎಫ್ ಮೂಲಕ ಮಾರಿತು. 2021ರ ಕೊನೆಗೆ ಬೆಳ್ಳಿಗೂ ಅನುಮತಿ ದೊರೆಯಿತು.

ಇದು ಸಂಕೀರ್ಣ ಉತ್ಪನ್ನವೇ? ಬೇರೆ ದೇಶಗಳ ಕಾನೂನುಗಳು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂದಿದೆ. ಅಲ್ಲಿ 'ಸಂಕೀರ್ಣ' ಎಂಬುದು ಬರಿಯ ವಿಶೇಷಣವಲ್ಲ, ಪರಿಣಾಮವುಳ್ಳ ಪದ. ಐರೋಪ್ಯ ಒಕ್ಕೂಟದಲ್ಲಿ 2018ರ ಜನವರಿ 3ರಿಂದ ಜಾರಿಯಲ್ಲಿರುವ ನಿಯಮದಂತೆ ಉತ್ಪನ್ನವೊಂದು ಸಂಕೀರ್ಣವೆಂದಾದರೆ, ಕೊಳ್ಳುವವನಿಗೆ ಅದರ ತಿಳಿವಳಿಕೆ ಇದೆಯೇ ಎಂದು ದಲ್ಲಾಳಿ ಪರೀಕ್ಷಿಸಿಯೇ ಮುಂದುವರಿಯಬೇಕು. ಅಲ್ಲವೆಂದಾದರೆ ಗ್ರಾಹಕ ತಾನಾಗಿ ಬಂದು ಹೇಳಿದಷ್ಟನ್ನು ಕೊಂಡುಕೊಟ್ಟರೆ ಸಾಕು. ಅಲ್ಲಿನ ಫಂಡ್ ನಿಯಮಗಳಿಗೆ ಒಳಪಟ್ಟ ಸಾಮಾನ್ಯ ಇಟಿಎಫ್‌ಗಳು ಸಂಕೀರ್ಣವಲ್ಲದ ವರ್ಗದಲ್ಲಿವೆ; ವಿಶೇಷ ಸೂತ್ರಗಳಿಗೆ ಕಟ್ಟಿದವು ಆ ವರ್ಗದಿಂದ ಹೊರಗೆ. ಹಾಂಗ್‌ಕಾಂಗ್ 2019ರಿಂದ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದೆ. ಅಮೆರಿಕದ ದಲ್ಲಾಳಿಗಳ ನಿಯಂತ್ರಣ ಸಂಸ್ಥೆ ಫಿನ್ರಾ ಎರಡು ಪಟ್ಟು, ಮೂರು ಪಟ್ಟು ಮತ್ತು ತಲೆಕೆಳಗಾದ ಇಟಿಎಫ್‌ಗಳ ಬಗ್ಗೆ 2009ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಒಟ್ಟಿನಲ್ಲಿ ಎಲ್ಲ ಕಡೆಯೂ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಜಾತಿಯ ವಸ್ತುಗಳಿವೆ ಎಂಬ ತಿಳಿವಳಿಕೆ ಬೆಳೆದಿದೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಬಾಟಲಿಯನ್ನಲ್ಲ, ಎಣ್ಣೆಯನ್ನು ನೋಡಬೇಕು.

ಆ ಎರಡನೆಯ ಜಾತಿ ಎಂಥದೆಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ಮನಗಾಣಬಹುದು. ಸೂಚ್ಯಂಕವೊಂದು 100ರಲ್ಲಿದೆ ಎನ್ನೋಣ. ಇಂದು ಶೇ. 10ರಷ್ಟು ಇಳಿದು 90ಕ್ಕೆ ಬಂತು, ನಾಳೆ ಶೇ. 11.11ರಷ್ಟು ಏರಿ ಮತ್ತೆ 100 ಆಯಿತು. ಸಾಮಾನ್ಯ ಇಟಿಎಫ್ ಹಿಡಿದವನ 100 ರೂಪಾಯಿ ಹಾಗೆಯೇ ಇದೆ. ಪ್ರತಿದಿನದ ಏರಿಳಿತದ ಎರಡು ಪಟ್ಟು ಕೊಡುವೆನೆನ್ನುವ ಇಟಿಎಫ್ ಹಿಡಿದವನ ಹಣ ಮೊದಲ ದಿನ 80ಕ್ಕೆ ಇಳಿದು, ಎರಡನೆಯ ದಿನ ಶೇ. 22.22ರಷ್ಟು ಏರಿ 97 ರೂಪಾಯಿ 78 ಪೈಸೆಗೆ ನಿಲ್ಲುತ್ತದೆ. ಸೂಚ್ಯಂಕ ಎಲ್ಲಿತ್ತೋ ಅಲ್ಲೇ ಇದೆ, ಇವನ ಎರಡು ರೂಪಾಯಿ ಇಪ್ಪತ್ತೆರಡು ಪೈಸೆ ಎಲ್ಲಿ ಹೋಯಿತು? ಹೀಗೆ ಹತ್ತು ಸಲ ಇಳಿದು ಏರಿದರೆ ಉಳಿಯುವುದು ಸುಮಾರು 80 ರೂಪಾಯಿ. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಹೇಳಿಲ್ಲ. 'ಪ್ರತಿದಿನದ' ಎಂಬ ಒಂದು ಪದದಲ್ಲಿ ನಷ್ಟ ಅಡಗಿತ್ತು. ಇನ್ನೊಂದು ಉದಾಹರಣೆ ಕಚ್ಚಾ ತೈಲದ್ದು. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗೆ, ಬ್ಯಾರೆಲ್ಲಿಗೆ ಋಣ 37.63 ಡಾಲರಿಗೆ ಕುಸಿಯಿತು. ತೈಲದ ಫಂಡುಗಳಲ್ಲಿ ಹಣ ಹಾಕಿದ್ದ ಜನಕ್ಕೆ ತಾವು ಹಿಡಿದದ್ದು ತೈಲವಲ್ಲ, ತಿಂಗಳು ತಿಂಗಳು ಬದಲಿಸಬೇಕಾದ ವಾಯಿದಾ ಕರಾರುಗಳು ಎಂಬ ಅರಿವು ಆಗ ಮೂಡಿತು.

ಇಂಥ ಉತ್ಪನ್ನಗಳನ್ನು ಸಂಕೀರ್ಣವೆನ್ನಲು ನನಗೆ ಯಾವ ಅನುಮಾನವೂ ಇಲ್ಲ. ಭಾರತದ ಮ್ಯೂಚುವಲ್ ಫಂಡ್ ನಿಯಮಗಳಲ್ಲಿ ಪಟ್ಟು ಹೆಚ್ಚಿಸುವ ಇಟಿಎಫ್‌ಗಳಿಗೆ ಎಡೆಯಿಲ್ಲ. ಸೂಚ್ಯಂಕದಲ್ಲಿ ಕನಿಷ್ಠ 10 ಷೇರುಗಳಿರಬೇಕು, ವಿಶಾಲ ಸೂಚ್ಯಂಕದಲ್ಲಿ ಒಂದೇ ಷೇರಿನ ತೂಕ ಶೇ. 25ನ್ನು ಮೀರಕೂಡದು ಎಂಬಂಥ ಕಟ್ಟಳೆಗಳನ್ನು ಸೆಬಿ 2019ರಲ್ಲೇ ವಿಧಿಸಿದೆ. ಆದ್ದರಿಂದ ನಮ್ಮಲ್ಲಿ ಬಹುಪಾಲು ಜನರ ಕೈಗೆ ಬರುವುದು ಮೊದಲನೆಯ ಜಾತಿ, ಅಂದರೆ ನಿಜವಾದ ಷೇರುಗಳ ಬುಟ್ಟಿ. ಹೂರಣದ ದೃಷ್ಟಿಯಿಂದ ಅದು ಸರಳ. ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ನನಗೊಂದು ಚೂರು ಪಾಲಿದೆ, ಅವು ಬೆಳೆದರೆ ನನ್ನ ಚೂರೂ ಬೆಳೆಯುತ್ತದೆ, ಕುಸಿದರೆ ಅದೂ ಕುಸಿಯುತ್ತದೆ. ಇಷ್ಟನ್ನು ಗ್ರಹಿಸಲು ಯಾವ ಪದವಿಯೂ ಬೇಡ.

ಇಲ್ಲಿಗೆ ವಾದ ಮುಗಿಯುವುದಾದರೆ ಚೆನ್ನಾಗಿತ್ತು. ಆದರೆ ಇಟಿಎಫ್‌ಗೆ ಹೂರಣದಲ್ಲಿಲ್ಲದ, ಪೇಟೆಯಲ್ಲಿ ಹುಟ್ಟುವ ಒಂದು ತೊಡಕಿದೆ. ನನ್ನ ದೃಷ್ಟಿಯಲ್ಲಿ ಭಾರತದ ಮಟ್ಟಿಗೆ ಅದೇ ಮುಖ್ಯವಾದದ್ದು. ಬುಟ್ಟಿಯೊಳಗಿನ ಷೇರುಗಳ ಮೌಲ್ಯ ಒಂದು. ಪೇಟೆಯಲ್ಲಿ ಆ ಯೂನಿಟ್ಟಿಗೆ ನಾವು ತೆರುವ ಬೆಲೆ ಇನ್ನೊಂದು. ಎರಡನ್ನೂ ಹತ್ತಿರ ಹತ್ತಿರ ಇರಿಸುವ ಹೊಣೆ ಮಾರ್ಕೆಟ್ ಮೇಕರ್ ಎನ್ನುವ ದೊಡ್ಡ ವರ್ತಕರದು. ಬೆಲೆ ಮೌಲ್ಯಕ್ಕಿಂತ ಮೇಲೇರಿದರೆ ಅವರು ಷೇರುಗಳ ಬುಟ್ಟಿಯನ್ನೇ ಫಂಡಿಗೆ ಒಪ್ಪಿಸಿ ಹೊಸ ಯೂನಿಟ್ ಪಡೆದು ಪೇಟೆಯಲ್ಲಿ ಮಾರುತ್ತಾರೆ; ಕೆಳಗಿಳಿದರೆ ಯೂನಿಟ್ ಕೊಂಡು ಫಂಡಿಗೆ ಹಿಂದಿರುಗಿಸಿ ಷೇರು ಪಡೆಯುತ್ತಾರೆ. ಅವರ ಲಾಭದಾಸೆಯೇ ನಮ್ಮ ರಕ್ಷಣೆ. ಈ ಏರ್ಪಾಡು ಕೆರೆಯ ತೂಬಿನ ಹಾಗೆ: ತೂಬು ತೆರೆದಿರುವವರೆಗೆ ಒಳಗಿನ ನೀರಿಗೂ ಹೊರಗಿನ ಕಾಲುವೆಗೂ ಸಂಬಂಧವಿರುತ್ತದೆ, ಮುಚ್ಚಿದರೆ ಕೆರೆ ತುಂಬಿದ್ದೂ ಕಾಲುವೆ ಒಣಗಬಹುದು.

ತೂಬು ಮುಚ್ಚಿದ ಪ್ರಸಂಗಗಳು ನಮ್ಮಲ್ಲೇ ನಡೆದಿವೆ. ಭಾರತದ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ವಿದೇಶಗಳಲ್ಲಿ ಹೂಡಬಹುದಾದ ಮೊತ್ತಕ್ಕೆ 700 ಕೋಟಿ ಡಾಲರುಗಳ ಮಿತಿಯಿದೆ. 2022ರ ಆರಂಭದಲ್ಲಿ ಮಿತಿ ಸಮೀಪಿಸಿದಾಗ ಹೊಸ ಹೂಡಿಕೆಗೆ ತಡೆ ಬಿತ್ತು. ಫಂಡು ಹೊಸ ಯೂನಿಟ್ ಸೃಷ್ಟಿಸಲಾರದು, ಕೊಳ್ಳುವವರ ಸಾಲು ಮಾತ್ರ ಕರಗಲಿಲ್ಲ. ವಿದೇಶಿ ಸೂಚ್ಯಂಕಗಳ ಇಟಿಎಫ್‌ಗಳು ತಮ್ಮ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಕೈಬದಲಾದವು. 2025ರ ಅಕ್ಟೋಬರ್‌ನಲ್ಲಿ, ಹಬ್ಬದ ಹೊತ್ತಿಗೆ ದೇಶದಲ್ಲಿ ಬೆಳ್ಳಿಯೇ ಸಾಲದೆ ಹೋದಾಗ, ಬೆಳ್ಳಿ ಇಟಿಎಫ್‌ಗಳ ಬೆಲೆಯೂ ಹಾಗೆಯೇ ಮೌಲ್ಯವನ್ನು ಬಿಟ್ಟು ಮೇಲೇರಿತು. ಆ ಇಟಿಎಫ್‌ಗಳಲ್ಲಿ ಹಣ ಹೂಡುವ ತಮ್ಮ ಯೋಜನೆಗಳಿಗೆ ಇಡಿಗಂಟನ್ನು ಸ್ವೀಕರಿಸುವುದನ್ನು ಕೆಲವು ಫಂಡ್ ಸಂಸ್ಥೆಗಳು ತಾವಾಗಿಯೇ ನಿಲ್ಲಿಸಬೇಕಾಯಿತು. ಬೆಳ್ಳಿಯ ದರ ಏರುತ್ತಿದೆ ಎಂದು ನಂಬಿ ಕೊಂಡವನು ತಾನು ಬೆಳ್ಳಿಗೆ ಎಷ್ಟು ಕೊಟ್ಟೆ, ಗದ್ದಲಕ್ಕೆ ಎಷ್ಟು ಕೊಟ್ಟೆ ಎಂಬುದನ್ನು ಬಿಡಿಸಿ ನೋಡಲಿಲ್ಲ. ಗದ್ದಲ ಇಳಿದಾಗ ಬೆಳ್ಳಿಯ ದರ ನಿಂತಲ್ಲೇ ನಿಂತರೂ ಅವನಿಗೆ ನಷ್ಟವೇ.

ಈ ತೊಡಕು ಇಟಿಎಫ್‌ನೊಂದಿಗೆ ಹುಟ್ಟಿದ್ದೇನಲ್ಲ. ನಮ್ಮ ಹಿಂದಿನ ತಲೆಮಾರಿನ ಮಧ್ಯಮವರ್ಗ ಕಣ್ಣುಮುಚ್ಚಿ ನಂಬಿದ್ದ ಯುಎಸ್-64 ಯೋಜನೆಯನ್ನು ನೆನೆಯಿರಿ. 1964ರಲ್ಲಿ ಆರಂಭವಾದ ಆ ಯೋಜನೆಗಿಂತ ಸರಳವಾದದ್ದು ಬೇರೊಂದಿಲ್ಲವೆಂಬ ಭಾವನೆ ಮನೆಮನೆಯಲ್ಲಿತ್ತು: ವರ್ಷಕ್ಕೊಮ್ಮೆ ಲಾಭಾಂಶ, ಬೇಕೆಂದಾಗ ಯೂನಿಟ್ ಟ್ರಸ್ಟೇ ಮರಳಿ ಕೊಳ್ಳುತ್ತದೆ, ಹಿಂದೆ ಸರ್ಕಾರವಿದೆ. ಆದರೆ ಮರಳಿ ಕೊಳ್ಳುವ ಬೆಲೆಯನ್ನು ಟ್ರಸ್ಟು ತಾನೇ ನಿರ್ಧರಿಸುತ್ತಿತ್ತು. ಬುಟ್ಟಿಯಲ್ಲಿ ನಿಜಕ್ಕೂ ಎಷ್ಟಿದೆ ಎಂಬುದು ಯೂನಿಟ್‌ದಾರನಿಗೆ ಕಾಣುತ್ತಿರಲಿಲ್ಲ. 2001ರ ಜುಲೈ 2ರಂದು ಕೊಡುಕೊಳ್ಳುವಿಕೆಯನ್ನು ಆರು ತಿಂಗಳ ಮಟ್ಟಿಗೆ ನಿಲ್ಲಿಸಿದಾಗ ಮುಖವಾಡ ಕಳಚಿತು. ಮುಂದೆ 2002ರ ಕಾಯ್ದೆಯಿಂದ ಸಂಸ್ಥೆಯನ್ನೇ ಒಡೆಯಬೇಕಾಯಿತು. ಮೇಲೆ ಸರಳ, ಒಳಗೆ ಅಪಾರದರ್ಶಕ. ಇಟಿಎಫ್ ಇದಕ್ಕೆ ತಿರುಗುಮುರುಗು: ಒಳಗಿನದೆಲ್ಲ ಬಯಲಲ್ಲಿದೆ, ಪ್ರತಿದಿನ ಪಟ್ಟಿ ಪ್ರಕಟವಾಗುತ್ತದೆ, ಆದರೆ ಮೇಲಿನ ಬೆಲೆಯನ್ನು ಕೊಳ್ಳುವವನೇ ತಾಳೆ ನೋಡಿಕೊಳ್ಳಬೇಕು. ಯುಎಸ್-64ರಲ್ಲಿ ತಾಳೆ ನೋಡಲು ದಾರಿಯೇ ಇರಲಿಲ್ಲ. ಇಲ್ಲಿ ದಾರಿಯಿದೆ, ಆದರೆ ಯಾರೂ ಕೈಹಿಡಿದು ನಡೆಸುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಈ ಚರ್ಚೆಯಲ್ಲಿ ಎರಡು ಮಾತುಗಳು ಸದಾ ಕಲಸಿಹೋಗುತ್ತವೆ: ಅಪಾಯ ಮತ್ತು ಸಂಕೀರ್ಣತೆ. ನಮ್ಮ ಮ್ಯೂಚುವಲ್ ಫಂಡುಗಳ ಜಾಹೀರಾತುಗಳಲ್ಲಿ ಕಾಣುವ ರಿಸ್ಕೋಮೀಟರ್ ಎಂಬ ಮುಳ್ಳಿನ ಚಿತ್ರಕ್ಕೆ 2021ರಿಂದ ಆರು ಮೆಟ್ಟಿಲುಗಳಿವೆ. ಷೇರುಗಳ ಇಟಿಎಫ್ ಇರುವುದು ಅತ್ಯಂತ ಮೇಲಿನ ಮೆಟ್ಟಿಲಿನಲ್ಲಿ. ಅದು ಸರಿ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ. 13ರಷ್ಟು ಕುಸಿದಾಗ ಸರಳವಾದ ಇಟಿಎಫ್ ಕೂಡ ಅಷ್ಟೇ ಸರಳವಾಗಿ ಕುಸಿಯಿತು. ಸರಳವೆಂದರೆ ಸುರಕ್ಷಿತ ಎಂದಲ್ಲ. ಅಂತೆಯೇ ಸಂಕೀರ್ಣವೆಂದರೆ ಅಪಾಯಕಾರಿ ಎಂದೂ ಅಲ್ಲ. ಅಪಾಯವೆಂದರೆ ಎಷ್ಟು ಕಳೆದುಕೊಳ್ಳಬಹುದು ಎಂಬ ಪ್ರಶ್ನೆ. ಸಂಕೀರ್ಣತೆಯೆಂದರೆ ಏಕೆ ಕಳೆದುಕೊಂಡೆ ಎಂಬುದು ಕಳೆದುಕೊಂಡವನಿಗೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ. ನಮ್ಮ ಮುಳ್ಳು ಮೊದಲನೆಯದನ್ನು ಮಾತ್ರ ತೋರಿಸುತ್ತದೆ.

ಹಾಗಾದರೆ ಅರ್ಥವಾಗುವುದೆಂದರೇನು? ಇಲ್ಲಿ ನಮ್ಮ ಚೀಟಿ ವ್ಯವಹಾರವನ್ನು ನಾನು ಸಾಕ್ಷಿಯಾಗಿ ಕರೆಯುತ್ತೇನೆ. ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಒಂದು ಲಕ್ಷದ ಚೀಟಿ. ಒಬ್ಬರು ಇಪ್ಪತ್ತು ಸಾವಿರ ಬಿಟ್ಟುಕೊಟ್ಟು ಚೀಟಿ ಕೂಗುತ್ತಾರೆ, ಎಂಬತ್ತು ಸಾವಿರ ಎತ್ತುತ್ತಾರೆ. ನಡೆಸುವವರ ಕಮಿಷನ್ ಐದು ಸಾವಿರ ಕಳೆದು ಉಳಿದ ಹದಿನೈದು ಸಾವಿರ ಇಪ್ಪತ್ತು ಜನರಿಗೆ ತಲಾ 750 ರೂಪಾಯಿಯಂತೆ ಹಂಚಿಕೆಯಾಗುತ್ತದೆ. ಏಳನೆಯ ತಿಂಗಳು ಎತ್ತಿದವರಿಗೆ ಬಿದ್ದ ಬಡ್ಡಿ ಎಷ್ಟು, ಕೊನೆಯವರೆಗೆ ಕಾದವರಿಗೆ ಬಂದ ಬಡ್ಡಿ ಎಷ್ಟು ಎಂದು ಕರಾರುವಾಕ್ಕಾಗಿ ಲೆಕ್ಕ ಹಾಕುವುದು ವಾಣಿಜ್ಯ ಪದವೀಧರನಿಗೂ ತಿಣುಕಾಟವೇ. ಗಣಿತದ ಮಟ್ಟಿಗೆ ಚೀಟಿಯು ನಿಫ್ಟಿ ಇಟಿಎಫ್‌ಗಿಂತ ಎಷ್ಟೋ ಜಟಿಲ. ಆದರೂ ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ತಾಯಂದಿರು ಯಾವ ತಿಂಗಳು ಕೂಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತಪ್ಪಿಲ್ಲದೆ ಅಳೆಯುತ್ತಾರೆ. ಏಕೆಂದರೆ ವ್ಯವಹಾರ ಅವರ ಕಣ್ಣೆದುರು, ಅವರದೇ ಭಾಷೆಯಲ್ಲಿ ನಡೆಯುತ್ತದೆ. ಕೂಗು, ಎತ್ತು, ಕಟ್ಟು ಎಂಬ ಮೂರು ಕ್ರಿಯಾಪದಗಳಲ್ಲಿ ಇಡೀ ಶಾಸ್ತ್ರ ಅಡಗಿದೆ. ಚೀಟಿಯಲ್ಲಿ ಮೋಸ ಹೋದವರಿಲ್ಲವೆಂದಲ್ಲ. ಹೋದವರು ಬಹುಮಟ್ಟಿಗೆ ನಡೆಸುವವನು ಓಡಿಹೋದದ್ದರಿಂದ ಹೋದರು, ಲೆಕ್ಕ ತಿಳಿಯದೆ ಹೋದವರು ವಿರಳ. ಅಂದಮೇಲೆ ಸಂಕೀರ್ಣತೆ ವಸ್ತುವಿನೊಳಗಿನ ಗುಣ ಮಾತ್ರವಲ್ಲ. ವಸ್ತುವಿಗೂ ಅದನ್ನು ಹಿಡಿದವನಿಗೂ ನಡುವೆ ಇರುವ ಭಾಷೆಯ, ಬೆಳಕಿನ ಸಂಬಂಧ ಅದು.

ಈ ಮಾತನ್ನು ಒಪ್ಪಿದರೆ 'ಸಂಕೀರ್ಣ' ಎಂಬ ಹಣೆಪಟ್ಟಿಯ ರಾಜಕಾರಣವೂ ಕಾಣತೊಡಗುತ್ತದೆ. ಸೂಚ್ಯಂಕದ ಇಟಿಎಫ್‌ನಲ್ಲಿ ಮಧ್ಯವರ್ತಿಗೆ ದೊರೆಯುವ ಪಾಲು ತೀರ ಕಡಿಮೆ. ಅದನ್ನು ಸಂಕೀರ್ಣವೆಂದು ದೂರವಿಟ್ಟರೆ ಸಣ್ಣ ಉಳಿತಾಯಗಾರ ಎಲ್ಲಿಗೆ ಹೋಗುತ್ತಾನೆ? ಹೆಚ್ಚಿನ ಕಮಿಷನ್ ಇರುವ, ಯಾರೂ ಸಂಕೀರ್ಣವೆಂದು ಕರೆಯದ ಉತ್ಪನ್ನದ ಬಾಗಿಲಿಗೆ. ಯೆಸ್ ಬ್ಯಾಂಕಿನ ಎಟಿ-1 ಬಾಂಡುಗಳ ಕಥೆ ನೆನಪಿರಬಹುದು. 2020ರ ಮಾರ್ಚ್‌ನಲ್ಲಿ 8,415 ಕೋಟಿ ರೂಪಾಯಿಗಳ ಬಾಂಡುಗಳನ್ನು ಸೊನ್ನೆಗಿಳಿಸಲಾಯಿತು. ಅವುಗಳನ್ನು ಬಿಡಿ ಗ್ರಾಹಕರಿಗೆ 'ಸೂಪರ್ ಎಫ್‌ಡಿ' ಎಂಬಂತೆ ಬಿಂಬಿಸಲಾಗಿತ್ತೆಂದು ಸೆಬಿ 2021ರ ತನ್ನ ಆದೇಶದಲ್ಲಿ ಹೇಳಿತು. ಸೊನ್ನೆಗಿಳಿಸಿದ ನಿರ್ಧಾರವನ್ನು ಮುಂಬಯಿ ಹೈಕೋರ್ಟು 2023ರ ಜನವರಿಯಲ್ಲಿ ರದ್ದುಪಡಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಸಂಕೀರ್ಣತೆ ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾಗುವುದು ಅದು ಸರಳತೆಯ ವೇಷ ತೊಟ್ಟಾಗ; ಆ ವೇಷದ ಹೆಸರು ನಮ್ಮ ದೇಶದಲ್ಲಿ ಬಹುತೇಕ ಯಾವಾಗಲೂ 'ಎಫ್‌ಡಿ ಇದ್ದ ಹಾಗೆ'.

ನಮ್ಮ ನಿಯಂತ್ರಣ ವ್ಯವಸ್ಥೆ ಸಂಕೀರ್ಣ ಉತ್ಪನ್ನಗಳಿಗೆ ಬೇಲಿ ಹಾಕುವುದು ಮುಖ್ಯವಾಗಿ ಹಣದ ಮೊತ್ತದಿಂದ. 2025ರಲ್ಲಿ ಬಂದ ವಿಶೇಷ ಹೂಡಿಕೆ ನಿಧಿಗಳಿಗೆ ಕನಿಷ್ಠ 10 ಲಕ್ಷ, ಪೋರ್ಟ್‌ಫೋಲಿಯೋ ನಿರ್ವಹಣೆಗೆ 50 ಲಕ್ಷ, ಪರ್ಯಾಯ ಹೂಡಿಕೆ ನಿಧಿಗಳಿಗೆ 1 ಕೋಟಿ. ಹಣವುಳ್ಳವನಿಗೆ ತಿಳಿವಳಿಕೆಯೂ ಇರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಆದರೆ ಕೇಂದ್ರ ನೌಕರರ ಗ್ರಾಚ್ಯುಟಿಯ ಗರಿಷ್ಠ ಮಿತಿ 2024ರ ಜನವರಿಯಿಂದ 25 ಲಕ್ಷ. ಜೀವಮಾನವಿಡೀ ಅಂಚೆ ಕಚೇರಿಯ ಪಾಸ್‌ಬುಕ್ಕಿಗಿಂತ ಆಚೆ ನೋಡದ ಗುಮಾಸ್ತನೂ ಅಧಿಕಾರಿಯೂ ನಿವೃತ್ತಿಯ ಮಾರನೆಯ ದಿನ ಆ ಮೊದಲ ಬೇಲಿಯನ್ನು ಸರಾಗವಾಗಿ ದಾಟುತ್ತಾರೆ. ಆಚೆ ಬದಿಯಲ್ಲಿ ಅವರಿಗಾಗಿ ಕಾಯುತ್ತಿರುವವರ ಸಂಖ್ಯೆ ಕಡಿಮೆಯೇನಲ್ಲ. ಹಣದ ಬೇಲಿ ಬಡವನನ್ನು ಹೊರಗಿಡುತ್ತದೆ, ಅಮಾಯಕನನ್ನು ಹೊರಗಿಡುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಚಿತ್ರವಿದೆ. ನೌಕರರ ಭವಿಷ್ಯನಿಧಿ ಸಂಸ್ಥೆಯು 2015ರ ಆಗಸ್ಟ್‌ನಿಂದ ತನ್ನ ಹೊಸ ಠೇವಣಿಗಳ ಒಂದು ಭಾಗವನ್ನು, ಮೊದಲು ಶೇ. 5, ಆಮೇಲೆ 10, 2017ರಿಂದ 15ರವರೆಗೆ, ಇಟಿಎಫ್‌ಗಳಲ್ಲಿ ಹೂಡುತ್ತ ಬಂದಿದೆ. ಅಂದರೆ ಮುಂಬಯಿಯ ಯಾವುದೋ ಕಾರ್ಖಾನೆಯಲ್ಲಿ, ಯಾವುದೋ ದೊಡ್ಡ ಹೋಟೆಲಿನಲ್ಲಿ ದುಡಿಯುವ ನಮ್ಮ ಕರಾವಳಿಯ, ಉತ್ತರ ಕರ್ನಾಟಕದ ಹುಡುಗನ ಭವಿಷ್ಯನಿಧಿಯ ಒಂದು ಪಾಲು ಈಗಾಗಲೇ ಇಟಿಎಫ್‌ನಲ್ಲಿದೆ. ಅವನನ್ನು ಯಾರೂ ಪರೀಕ್ಷಿಸಲಿಲ್ಲ, ಕೇಳಲೂ ಇಲ್ಲ. ಸಾಂಸ್ಥಿಕ ನಿರ್ವಹಣೆಯ ರಕ್ಷಣೆ ಅವನಿಗಿದೆ ಎಂಬುದು ನಿಜ. ಆದರೆ ಒಂದು ವಸ್ತು ಕೋಟ್ಯಂತರ ಕಾರ್ಮಿಕರ ಬೆವರಿನ ಹಣಕ್ಕೆ ಯೋಗ್ಯವಾಗಿರುವಷ್ಟು ಸರಳವಾಗಿದ್ದು, ಅದೇ ಕಾರ್ಮಿಕ ಸ್ವಂತ ಕೈಯಿಂದ ಕೊಳ್ಳಲು ಹೊರಟಾಗ ಸಂಕೀರ್ಣವಾಗಿಬಿಡುವುದು ಹೇಗೆ? ಹಾಗೆನ್ನುವುದಾದರೆ ಸಂಕೀರ್ಣವೆಂದು ನಾವು ಕರೆಯುತ್ತಿರುವುದು ಇಟಿಎಫ್ ಅನ್ನಲ್ಲ, ಕಾರ್ಮಿಕನನ್ನು.

ಬಳಕೆಯ ಪ್ರಶ್ನೆ ಉಳಿಯಿತು. ನಮ್ಮಂಥ ಕೇಂದ್ರ ನೌಕರರ 1964ರ ನಡತೆ ನಿಯಮಗಳ 16ನೆಯ ನಿಯಮ ಇಲ್ಲಿ ಸ್ವಾರಸ್ಯಕರವಾಗಿದೆ. ಅದು ಷೇರು ಕೊಳ್ಳಬೇಡಿ ಎನ್ನುವುದಿಲ್ಲ, ಸಟ್ಟಾ ಆಡಬೇಡಿ ಎನ್ನುತ್ತದೆ. ಪದೇ ಪದೇ ಕೊಂಡು ಮಾರುವುದನ್ನೇ ಸಟ್ಟಾ ಎಂದು ಪರಿಗಣಿಸುತ್ತದೆ. ವಸ್ತುವನ್ನಲ್ಲ, ಕೈಯ ಚಾಳಿಯನ್ನು ನೋಡುವ ಈ ವಿವೇಕ ನನಗೆ ಮೆಚ್ಚುಗೆಯಾದದ್ದು. ಹದಿನೈದು ವರ್ಷ ಹಿಡಿಯುವವನ ಕೈಯಲ್ಲಿ ಉಳಿತಾಯವಾಗಿರುವ ಇಟಿಎಫ್ ಬೆಳಿಗ್ಗೆ ಕೊಂಡು ಸಂಜೆ ಮಾರುವವನ ಕೈಯಲ್ಲಿ ಜೂಜಾಗುತ್ತದೆ. ದಿನವಿಡೀ ವ್ಯವಹರಿಸಬಹುದೆಂಬ ಅದರ ಹೆಗ್ಗಳಿಕೆಯೇ ಅದರ ಆಮಿಷ. ಆದರೆ ಈ ದೋಷಕ್ಕೆ ಮದ್ದು ಸಂಯಮ. ವರ್ಗೀಕರಣದಿಂದ ಚಾಳಿ ಹೋಗುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇದು. ಇಟಿಎಫ್ ಎಂಬ ಹೆಸರಿಗೆ ಸರಳ ಎಂದಾಗಲಿ ಸಂಕೀರ್ಣ ಎಂದಾಗಲಿ ಮುದ್ರೆ ಒತ್ತಕೂಡದು. ವಾಯಿದಾ ಕರಾರುಗಳಿಂದ, ವಿನಿಮಯ ಒಪ್ಪಂದಗಳಿಂದ, ದಿನದ ಏರಿಳಿತದ ಪಟ್ಟುಗಳಿಂದ ಕಟ್ಟಿದ ಇಟಿಎಫ್ ಸಂಕೀರ್ಣ; ಅದು ನಮ್ಮ ದೇಶಕ್ಕೆ ಎಂದಾದರೂ ಬಂದರೆ ತಿಳಿವಳಿಕೆಯ ಪರೀಕ್ಷೆಯೊಂದಿಗೇ ಬರಬೇಕು. ನಿಜವಾದ ಷೇರುಗಳ ಬುಟ್ಟಿ ಹಿಡಿದ ಸೂಚ್ಯಂಕದ ಇಟಿಎಫ್ ಸರಳ, ಆದರೆ ಒಂದು ಷರತ್ತಿನ ಮೇಲೆ: ತೂಬು ತೆರೆದಿರಬೇಕು, ತೆರೆದಿದೆಯೇ ಎಂಬುದು ಕೊಳ್ಳುವವನಿಗೆ ಕಾಣಬೇಕು. ಈ ದಿಕ್ಕಿನಲ್ಲಿ ಸೆಬಿ 2022ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಮಹತ್ವದ್ದು. ಪ್ರತಿ ಫಂಡ್ ಸಂಸ್ಥೆ ಕನಿಷ್ಠ ಇಬ್ಬರು ಮಾರ್ಕೆಟ್ ಮೇಕರ್‌ಗಳನ್ನು ನೇಮಿಸಬೇಕು. ಒಳಗಿನ ಮೌಲ್ಯದ ಅಂದಾಜನ್ನು ಪೇಟೆ ನಡೆಯುತ್ತಿರುವಾಗಲೇ ಪ್ರಕಟಿಸುತ್ತಿರಬೇಕು. ಬೆಲೆಯು ಮೌಲ್ಯಕ್ಕಿಂತ ಶೇ. 1ಕ್ಕೂ ಹೆಚ್ಚು ಕೆಳಗೆ ಏಳು ದಿನ ಸತತವಾಗಿ ನಿಂತರೆ ಸಣ್ಣ ಹೂಡಿಕೆದಾರನೂ ನೇರವಾಗಿ ಫಂಡಿನಿಂದಲೇ ಹಣ ಮರಳಿ ಪಡೆಯಬಹುದು. ಎಷ್ಟು ಜನ ಯೂನಿಟ್‌ದಾರರಿಗೆ ತಮಗೆ ಈ ಹಕ್ಕಿದೆ ಎಂದು ಗೊತ್ತು? ಆ ಮೌಲ್ಯ ಫಂಡಿನ ಜಾಲತಾಣದ ಮೂಲೆಯಲ್ಲಿದ್ದರೆ ಸಾಲದು. ಕೊಳ್ಳುವ ಗುಂಡಿಯನ್ನು ಒತ್ತುವ ಮುನ್ನ ಅದೇ ಪರದೆಯ ಮೇಲೆ 'ಒಳಗಿರುವುದು ಇಷ್ಟು, ನೀವು ಕೊಡುತ್ತಿರುವುದು ಇಷ್ಟು' ಎಂಬ ಎರಡು ಅಂಕಿಗಳು ಪಕ್ಕಪಕ್ಕದಲ್ಲಿ ಕಾಣುವಂತಾಗಬೇಕು. ಬೆಳ್ಳಿಯ ಗದ್ದಲದಲ್ಲಿ ಆ ಎರಡು ಅಂಕಿಗಳು ಕಣ್ಣೆದುರಿದ್ದಿದ್ದರೆ ಅನೇಕರು ಒಂದು ವಾರ ಕಾಯುತ್ತಿದ್ದರು.

ಕೊನೆಯದಾಗಿ ಭಾಷೆಯ ಮಾತು. ಹೊರನಾಡ ಕನ್ನಡಿಗರ ಪತ್ರಿಕೆಯಲ್ಲಿ ಅದನ್ನು ಆಡದೆ ಹೋದರೆ ಈ ಲೇಖನಕ್ಕೆ ಇಲ್ಲಿ ಸ್ಥಳವೇಕೆ? ಹೂಡಿಕೆದಾರರ ಶಿಕ್ಷಣದ ಕಿರುಹೊತ್ತಿಗೆಗಳು ಕನ್ನಡದಲ್ಲೂ ಬಂದಿವೆ. ಆದರೆ ಕಾನೂನಿನ ಕಣ್ಣಿಗೆ ಬೆಲೆಯುಳ್ಳ ಯೋಜನೆಯ ದಾಖಲೆ ನಮ್ಮ ಕೈಗೆ ಬರುವುದು ಇಂಗ್ಲಿಷಿನಲ್ಲಿ. ಉಪದೇಶ ಕನ್ನಡದಲ್ಲಿ, ಕರಾರು ಇಂಗ್ಲಿಷಿನಲ್ಲಿ ಎಂಬ ಈ ಹಂಚಿಕೆಯನ್ನು ನಾವು ಬಹಳ ಕಾಲದಿಂದ ಸಹಿಸುತ್ತ ಬಂದಿದ್ದೇವೆ. ಪ್ರತಿ ಯೋಜನೆಗೂ ಒಂದೇ ಪುಟದ ಕನ್ನಡದ ಹೇಳಿಕೆ ಇರಲಿ: ಒಳಗೆ ಏನಿದೆ, ಬೆಲೆ ಹೇಗೆ ನಿಗದಿಯಾಗುತ್ತದೆ, ಅತ್ಯಂತ ಕೆಟ್ಟ ದಿನದಲ್ಲಿ ಏನಾಗಬಹುದು, ಹಣ ಬೇಕಾದಾಗ ಕೊಳ್ಳುವವರು ಸಿಗದಿದ್ದರೆ ಯಾರನ್ನು ಕೇಳಬೇಕು. ಈ ನಾಲ್ಕಕ್ಕೆ ಒಂದು ಪುಟದಲ್ಲಿ ಉತ್ತರ ಬರೆಯಲಾಗದ ಉತ್ಪನ್ನ ಯಾವುದೋ ಅದೇ ಸಂಕೀರ್ಣ ಉತ್ಪನ್ನ. ಬೇರೆ ವ್ಯಾಖ್ಯೆ ಬೇಕಿಲ್ಲ.

ಸರ್ಕಾರ ಅದನ್ನು ಮಾಡುವವರೆಗೆ ಸಂಘಗಳು ಕೈಕಟ್ಟಿ ಕೂರಬೇಕಾದದ್ದಿಲ್ಲ. ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿ ಅವರನ್ನು ಪದವೀಧರರನ್ನಾಗಿ, ವಕೀಲರನ್ನಾಗಿ, ಉದ್ಯಮಿಗಳನ್ನಾಗಿ ಮಾಡಿದ ಪರಂಪರೆ ಮುಂಬಯಿ ಕನ್ನಡಿಗರದು. ಆ ಶಾಲೆಗಳು ಅಕ್ಷರವನ್ನು ಕಲಿಸಿದವು, ಲೆಕ್ಕವನ್ನೂ ಕಲಿಸಿದವು. ತಿಂಗಳಿಗೊಂದು ಸಂಜೆ, ಮಾರುವವರಿಗೆ ಪ್ರವೇಶವಿಲ್ಲದ ಒಂದು ಕೊಠಡಿ, ಒಂದು ಕರಿಹಲಗೆ, ಲೆಕ್ಕಪತ್ರ ಬಲ್ಲ ನಮ್ಮದೇ ನಾಲ್ಕು ಜನ ನಿವೃತ್ತರು ಇದ್ದರೆ ಸಾಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸಲಹೆಯನ್ನು ಲಿಖಿತವಾಗಿ ಮಂಡಿಸಲಿದ್ದೇನೆ. ಸದಸ್ಯರು ಪರ ವಿರೋಧಗಳನ್ನು ಈ ಪುಟಗಳಲ್ಲೇ ಚರ್ಚಿಸಬೇಕೆಂದು ಕೋರುತ್ತೇನೆ.